ಚೀಲದ ಬಾಯಿ ಹಿಡಿದ ಕೈ

ನಮ್ಮ ಪಡಸಾಲೆಯ ಮೂಲೆಯಲ್ಲಿ ಒಂದು ಕಬ್ಬಿಣದ ಸ್ಟ್ಯಾಂಡು ನಿಂತಿದೆ. ಕೆಳಗೆ ಮೂರು ಕಾಲು, ನಡುವೆ ಒಂದರೊಳಗೊಂದು ಜಾರುವ ಎರಡು ಪೈಪು, ಮೇಲೆ ಒಂದು ದೊಡ್ಡ ಬಳೆ, ಬಳೆಗೆ ಸುತ್ತಲೂ ಕೊಕ್ಕೆ. ಖಾಲಿ ಚೀಲದ ಬಾಯಿಯನ್ನು ಆ ಕೊಕ್ಕೆಗಳಿಗೆ ಸಿಕ್ಕಿಸಿದರೆ ಚೀಲ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಹಿಡಿಯುವವರು ಬೇಡ, ಒಬ್ಬರೇ ನಿಂತು ಕಾಳು ತುಂಬಬಹುದು. ಉದ್ದನೆಯ ಚೀಲವಾದರೆ ಬದಿಯ ತಿರುಪು ಸಡಿಲಿಸಿ ಪೈಪು ಮೇಲೆತ್ತಬೇಕು, ಗಿಡ್ಡದಾದರೆ ಇಳಿಸಬೇಕು. ಅಷ್ಟೇ ಅದರ ಕೆಲಸ. ಮನೆಗೆ ಬಂದವರು ನೋಡಿ, ಛಲೋ ಸಾಮಾನು ಅನ್ನುತ್ತಾರೆ. ಅದನ್ನು ತಂದ ದಿನ ನಾನು ಏನು ಮಾಡಿದೆ ಎಂಬುದನ್ನು ತುಂಡು ತುಂಡಾಗಿ ಇಬ್ಬರು ಮೂವರಿಗೆ ಹೇಳಿದ್ದೇನೆ. ಪೂರ್ತಿ ಹೇಳುತ್ತಿರುವುದು ಇಲ್ಲಿಯೇ.

ನಮ್ಮ ಹೊಲ ತಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವೆ ಇದೆ. ಎರೆ ಭೂಮಿ, ಹಿಂಗಾರಿ ಬಿಳಿಜೋಳ ಬೆಳೆಯುತ್ತೇವೆ. ಈಗ ಕಣ ಇಲ್ಲ, ಎತ್ತು ಕಟ್ಟಿ ತುಳಿಸುವ ಹಂತಿ ಇಲ್ಲ. ಮಷೀನು ಬರುತ್ತದೆ, ತಾಡಪತ್ರಿಯ ಮೇಲೆ ಕಾಳು ಸುರಿದು ಹೋಗುತ್ತದೆ. ಆದರೆ ರಾಶಿ ತುಂಬುವಾಗಿನ ಒಂದು ಪದ್ಧತಿ ನಮ್ಮ ಮನೆತನದಲ್ಲಿ ಹಾಗೆಯೇ ಉಳಿದುಬಂದಿತ್ತು. ಮೊದಲ ಚೀಲದಿಂದ ಕೊನೆಯ ಚೀಲದವರೆಗೆ ರಾಶಿಯ ಮುಂದೆ ಯಾರೂ ಮಾತಾಡಬಾರದು. ಅದರಲ್ಲೂ ಚೀಲದ ಬಾಯಿ ಹಿಡಿದವರು ತುಟಿಪಿಟಕ್ಕೆನ್ನುವಂತಿಲ್ಲ. ಕೊನೆಯ ಚೀಲ ಹೊಲಿದ ಮೇಲೆ ಬಾಯಿ ಹಿಡಿದವರೇ ಮೊದಲು ಬಾಯಿ ಬಿಟ್ಟು ‘ಹೆಚ್ಚಲಿ’ ಅನ್ನಬೇಕು. ಮುಗಿಯಿತು ಅನ್ನಬಾರದು, ಹೆಚ್ಚಲಿ ಅನ್ನಬೇಕು. ಆಮೇಲೆ ಉಳಿದವರ ಮಾತು.

ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯಲ್ಲಿ ಚೀಲದ ಬಾಯಿ ಹಿಡಿಯುವವಳು ನನ್ನ ಹೆಂಡತಿ. ಎರಡೂ ಕೈಯ ಹೆಬ್ಬೆರಳನ್ನು ಚೀಲದ ಒಳಗೆ ಮಡಚಿ, ಮೊಣಕಾಲನ್ನು ಚೀಲಕ್ಕೆ ಆನಿಸಿ ನಿಂತರೆ, ನಾವು ಬುಟ್ಟಿಗಟ್ಟಲೆ ಸುರಿದರೂ ಒಂದು ಕಾಳು ಹೊರಗೆ ಬೀಳುತ್ತಿರಲಿಲ್ಲ. ಇದನ್ನು ನಾನು ಒಂದು ದಿನವೂ ಕೆಲಸ ಎಂದು ಎಣಿಸಿರಲಿಲ್ಲ. ಸುರಿಯುವುದು ಕೆಲಸ, ಹಿಡಿಯುವುದೇನು ಮಹಾ ಎಂದುಕೊಂಡಿದ್ದೆ.

ಆ ದಿನ ಬಿಸಿಲು ಏರುವ ಮೊದಲೇ ತುಂಬಲು ಶುರು ಮಾಡಿದೆವು. ಮಗ, ಸೊಸೆ ತಿಕೋಟಾದಲ್ಲಿ ಮಣೂಕದ ಶೆಡ್ಡಿಗೆ ಹೋಗಿದ್ದರು; ದ್ರಾಕ್ಷಿ ಒಣಗಿಸುವ ದಿನಗಳು, ಅಲ್ಲಿಂದ ಕದಲುವಂತಿರಲಿಲ್ಲ. ಹೊಲದಲ್ಲಿ ನಾನು, ಹೆಂಡತಿ, ನಮ್ಮ ಓಣಿಯ ಇಬ್ಬರು ಆಳು ಹೆಣ್ಣುಮಕ್ಕಳು. ಜೋಳದ ಧೂಳು ಮೈಗೆ ಬಿದ್ದರೆ ತುರಿಕೆ, ಮೂಗಿಗೆ ಹೋದರೆ ಕೆಮ್ಮು. ಹೆಂಗಸರು ಮೂವರೂ ಕಣ್ಣಷ್ಟೇ ಬಿಟ್ಟು ಸೆರಗಿನಿಂದ ಮುಖ ಬಿಗಿದುಕೊಂಡಿದ್ದರು.

ಮೂರನೆಯದೋ ನಾಲ್ಕನೆಯದೋ ಚೀಲ. ನಾನು ಬುಟ್ಟಿ ಸುರಿಯುತ್ತಿದ್ದಂತೆ ಅವಳ ಬಲಗೈಯಿಂದ ಚೀಲದ ಅಂಚು ಜಾರಿ, ಕಾಳು ನೆಲಕ್ಕೆ ಹರಿಯಿತು. ಎತ್ತಿ ಮತ್ತೆ ಹಿಡಿದಳು. ಮತ್ತೆ ಜಾರಿತು. ರಾಶಿಯ ಮುಂದೆ ಕಾಳು ಚೆಲ್ಲುವುದೆಂದರೆ ನನಗೆ ಮೈ ಉರಿಯುತ್ತದೆ. ಮೌನ ಮುರಿದವನು ನಾನೇ.

“ಕೈಯಾಗ ಜೀವ ಇಲ್ಲೇನ ನಿನಗ? ಕೂಳ ಉಣ್ಣೂವಾಗ ಜಾರಂಗಿಲ್ಲ ಆ ಕೈ!”

ಅವಳು ನನ್ನನ್ನೇ ನೋಡಿದಳು. ಏನೂ ಅನ್ನಲಿಲ್ಲ. ಪದ್ಧತಿ ಪಾಲಿಸುತ್ತಿದ್ದಾಳೆ ಎಂದುಕೊಂಡೆ. ನಾನು ತಪ್ಪಿದರೂ ತಾನು ತಪ್ಪಲಿಲ್ಲವೆಂದು ತೋರಿಸುತ್ತಿದ್ದಾಳೆ ಎಂದು ಇನ್ನಷ್ಟು ಸಿಟ್ಟು ಬಂತು.

ಆಳುಗಳಲ್ಲಿ ಹಿರಿಯಳು, ಬಾಯಿ ಜೋರಿನವಳು, ಬುಟ್ಟಿ ಕೆಳಗಿಟ್ಟಳು. “ಯಣ್ಣಾ, ಯಕ್ಕ ಯಾಕೋ ಒಂಥರಾ ನೋಡಾಕತ್ತಾಳ. ಒಂದೀಟು ಕುಂದ್ರಲಿ ತಗೋ.”

“ಸುಮ್ನಿರು ಬೇ, ರಾಶಿ ಮುಂದ ಮಾತಾಡಬ್ಯಾಡ.”

“ನೀ ಒದರಿದ್ದು ಮಾತಲ್ಲೇನು? ಅದೇನು ಮಂತ್ರೇನು?”

ಇನ್ನೊಬ್ಬಳು ಸೆರಗಿನೊಳಗೇ ಕಿಸಕ್ಕೆಂದಳು. ಆಳುಗಳ ಮುಂದೆ ನಗೆಪಾಟಲಾಯಿತಲ್ಲ ಎಂದು ನನಗೆ ತಲೆ ಕೆಟ್ಟಿತು. ಚೀಲ ಕಸಿದು ಬಿಸಾಡಿ ಹೆಂಡತಿಗೆ ಹೇಳಿದೆ: “ಕುಂದ್ರು ನೀ. ನಿನ್ನ ಕೈ ಬ್ಯಾಡ ನನಗ. ಕಬ್ಬಿಣದ ಕೈ ತರ್ತೇನಿ. ಅದು ಜಾರಂಗಿಲ್ಲ, ಸಿಟ್ಟೂ ಮಾಡಂಗಿಲ್ಲ.”

ಹಾಗೆಂದು ಮೋಟಾರ್ ಸೈಕಲ್ ಹತ್ತಿ ವಿಜಯಪುರದ ದಾರಿ ಹಿಡಿದೆ. ಅವಳು ತಾಡಪತ್ರಿಯ ಅಂಚಿನಲ್ಲಿ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದದ್ದನ್ನು ನಾನು ಕಂಡೆ. ಇದನ್ನು ಕಂಡೇ ಹೋದೆ. ಈ ಒಂದು ಮಾತು ಬರೆಯಲು ನನಗೆ ಎಷ್ಟೋ ದಿನ ಬೇಕಾಯಿತು.

ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಒಂದೇ ಎತ್ತರದ ಸ್ಟ್ಯಾಂಡು ಇತ್ತು. ನಮ್ಮಲ್ಲಿ ಗೋಣಿ ಚೀಲ, ಪ್ಲಾಸ್ಟಿಕ್ ಚೀಲ ಎರಡೂ ಉಂಟು, ಏರಿಸಿ ಇಳಿಸುವಂಥದ್ದು ಬೇಕು ಎಂದೆ. ಊರೊಳಗಿನ ಇಬ್ರಾಹಿಂಪುರಕ್ಕೆ ಹೋಗಿರಿ, ರೈಲು ಹಳಿಯ ಹತ್ತಿರ ಮಾಡಿಕೊಡುತ್ತಾರೆ ಎಂದರು. ಹೋದೆ. ಅಲ್ಲಿಯ ವೆಲ್ಡಿಂಗ್‌ನವನ ಬಳಿ ಒಂದು ಇತ್ತು, ತಿರುಪಿಗೆ ಹಿಡಿಕೆ ಕೂಡಿಸುವುದು ಬಾಕಿ. ಕುಳಿತೆ. ಚಹಾ ತರಿಸಿದ.

“ಯಾಕ ಕಾಕಾ, ಮನ್ಯಾಗ ಚೀಲ ಹಿಡಿಯೋ ಕೈ ಸೋತಾವೇನು?” ಎಂದು ನಕ್ಕ.

“ಸೋತಾವಪಾ. ಹಳೇ ಮಾಲು, ಗ್ಯಾರಂಟಿ ಮುಗದೈತಿ,” ಎಂದೆ. ಇಬ್ಬರೂ ನಕ್ಕೆವು.

ಹಿಡಿಕೆ ಕೂಡಿಸಿದ ಮೇಲೆ ನಾನು ಹತ್ತು ಸಲ ಏರಿಸಿ ಇಳಿಸಿ ನೋಡಿದೆ, ಅವನದೇ ಒಂದು ಚೀಲ ಸಿಕ್ಕಿಸಿ ಜಗ್ಗಿದೆ. ಖುಷಿಯಾಯಿತು. ಬೆನ್ನ ಹಿಂದೆ ಸೀಟಿಗೆ ಹಗ್ಗದಿಂದ ಬಿಗಿದು ಹೊರಟೆ. ದಾರಿಯಲ್ಲಿ ದವಾಖಾನೆಯ ಬೋರ್ಡುಗಳು ಒಂದರ ಹಿಂದೊಂದು ಬಂದವು. ಅದೇ ಮಧ್ಯಾಹ್ನ ನಾನು ಓಡಿ ಬಂದು ಬಾಗಿಲು ಬಡಿಯಲಿದ್ದ ದವಾಖಾನೆಯೂ ಅವುಗಳಲ್ಲೇ ಒಂದು. ಅದರ ಮುಂದೆಯೇ ಹಾರ್ನು ಹಾಕಿಕೊಂಡು ಹೋದೆ.

ಹೊಲಕ್ಕೆ ಬಂದಾಗ ಅವಳು ಬೇವಿನ ಗಿಡದ ನೆರಳಲ್ಲಿ ಕುಳಿತಿದ್ದಳು. ಸೆರಗು ಮುಖಕ್ಕೆ ಹಾಗೇ ಇತ್ತು. ನಾನು ಅವಳ ಕಣ್ಣ ಮುಂದೆಯೇ ಸ್ಟ್ಯಾಂಡು ಹೂಡಿದೆ. ಚೀಲ ಸಿಕ್ಕಿಸಿದೆ, ತಿರುಪು ಬಿಗಿದೆ, ಬುಟ್ಟಿ ಸುರಿದೆ. ಚೀಲ ಅಲುಗಲಿಲ್ಲ. “ನೋಡಿದಿ? ಹೆಂಗೈತಿ?” ಎಂದು ಕೇಳಿದೆ. ಅವಳು ಮಾತಾಡಲಿಲ್ಲ. ಸಿಟ್ಟು ಎಂದುಕೊಂಡೆ. ಪದ್ಧತಿ ಎಂದುಕೊಂಡೆ. ಎರಡೂ ಅಲ್ಲದ ಮೂರನೆಯದು ಒಂದಿದ್ದೀತು ಎಂದು ನನಗೆ ಹೊಳೆಯಲೇ ಇಲ್ಲ. ಆಳು ಹೆಣ್ಣುಮಗಳು ಮಾತ್ರ ಪಿಸುಗುಟ್ಟಿದಳು: “ಯಕ್ಕ ಗಿಡದ ತನಕ ಕಾಲ ಎಳಕೋತ ಹೋಗ್ಯಾಳ.” ನಾನು ಬುಟ್ಟಿ ಸುರಿಯುತ್ತಲೇ ಇದ್ದೆ. ರಾಶಿ ಹಾಗೇ ಬಿಟ್ಟು ಏಳಬಾರದಲ್ಲ.

ಕೊನೆಯ ಚೀಲ ಹೊಲಿದು ದಬ್ಬಣ ನೆಲಕ್ಕಿಟ್ಟೆ. ನನ್ನ ಸಿಟ್ಟು ಅಷ್ಟೊತ್ತಿಗೆ ಇಳಿದಿತ್ತು. ಸ್ಟ್ಯಾಂಡಿಗೆ ಬಾಯಿ ಇಲ್ಲ, ‘ಹೆಚ್ಚಲಿ’ ಅನ್ನಬೇಕಾದವಳು ಅವಳೇ. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತು, “ಸಿಟ್ಟ ಬಿಡು. ಅನ್ನು ಇನ್ನ,” ಎಂದೆ.

ಅವಳು ಪ್ರಯತ್ನಿಸಿದಳು. ಸೆರಗಿನ ಹಿಂದೆ ಏನೋ ಅಲುಗಿತು. ಬಂದದ್ದು ಮಾತಲ್ಲ. ಎಳಗರು ಹಸಿದಾಗ ಮಾಡುವಂಥ ಒಂದು ಸ್ವರ. ನಾನು ಸೆರಗು ಸರಿಸಿದೆ. ಬಾಯಿ ಒಂದು ಕಡೆಗೆ ಜಗ್ಗಿಹೋಗಿತ್ತು, ಆ ಮೂಲೆಯಿಂದ ಜೊಲ್ಲು ಇಳಿದು ಸೆರಗು ಒದ್ದೆಯಾಗಿತ್ತು. ಕಣ್ಣು ಮಾತ್ರ ಅವಳದೇ. ಅದರ ತುಂಬ ಹೆದರಿಕೆ. ಎಷ್ಟು ಹೊತ್ತಿನಿಂದ ಆ ಹೆದರಿಕೆಯನ್ನು ಒಬ್ಬಳೇ ಹಿಡಿದುಕೊಂಡು ಕುಳಿತಿದ್ದಳೋ. ಈಗ ಅದು ನನ್ನೊಳಕ್ಕೆ ಬಂತು.

ಪಕ್ಕದ ಹೊಲದವನು ತನ್ನ ಟಂಟಂ ಗಾಡಿ ತಂದ. ಜೋಳದ ಚೀಲದ ಮೇಲೆ ಕೌದಿ ಹಾಸಿ ಮಲಗಿಸಿದೆವು. ದಾರಿಯುದ್ದಕ್ಕೂ ನಾನು ಅವಳ ಬಲಗೈ ಹಿಡಿದಿದ್ದೆ. ಒಳಗೆ ಏನೂ ಇಲ್ಲದ ಚೀಲದಂತೆ ಇತ್ತು ಅದು. “ಹಿಡಿ, ನನ್ನ ಕೈ ಹಿಡಿ,” ಅನ್ನುತ್ತಲೇ ಬಂದೆ.

ದವಾಖಾನೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ ಒಂದು: “ಯಾವಾಗಿನಿಂದ ಹಿಂಗಾಗೇದ?”

ನನ್ನ ಬಾಯಿಂದ ಬಂದದ್ದು, “ಈಗ... ಒಂದು ತಾಸಾತ್ರಿ.”

ಯಾಕೆ ಹಾಗೆಂದೆ? ಬಾಗಿಲಲ್ಲಿ ಮಗಳು ಬಂದು ನಿಂತಿದ್ದಳು. ವಿಜಯಪುರದಲ್ಲೇ ಬ್ಯಾಂಕಿನಲ್ಲಿ ನೌಕರಿ ಅವಳಿಗೆ, ಗೋಳಗುಮ್ಮಟದ ಹತ್ತಿರ ಮನೆ. ಫೋನು ಹೋದೊಡನೆ ಓಡಿ ಬಂದಿದ್ದಳು. ಮುಂಜಾನೆಯಿಂದ ಎಂದರೆ, ಅಲ್ಲಿಯವರೆಗೆ ನೀ ಏನು ಮಾಡುತ್ತಿದ್ದೆ ಎಂದು ಕೇಳುತ್ತಾಳೆ. ಆ ಪ್ರಶ್ನೆಗೆ ಹೆದರಿ ಸುಳ್ಳು ಹೇಳಿದೆ.

ತಲೆಯ ಫೋಟೋ ತೆಗೆದರು. ಡಾಕ್ಟರು ಹೊರಬಂದು ಮಗಳಿಗೂ ನನಗೂ ತಿಳಿಸಿ ಹೇಳಿದರು: “ಮೆದುಳಿನ ನರದಾಗ ರಕ್ತ ಹೆಪ್ಪುಗಟ್ಟೇದ. ಅದನ್ನ ಕರಗಿಸೋ ಇಂಜೆಕ್ಷನ್ ಅದ. ಶುರುವಾಗಿ ನಾಕೂವರಿ ತಾಸಿನೊಳಗ ಕೊಡಬೇಕು. ಹೊತ್ತು ಮೀರಿದ್ಮ್ಯಾಲ ಕೊಟ್ರ ತಲಿಯೊಳಗ ರಕ್ತ ಸೋರಿ ಜೀವಕ್ಕ ಅಪಾಯ. ನಿಮ್ಮ ಪುಣ್ಯ, ಲಗೂನ ತಂದೀರಿ.”

ಮಗಳು ನನ್ನ ಬೆನ್ನ ಮೇಲೆ ಕೈ ಇಟ್ಟಳು. “ಛಲೋ ಮಾಡಿದಿ ಅಪ್ಪಾ.”

ಇಂಜೆಕ್ಷನ್ನಿನ ಒಪ್ಪಿಗೆ ಕಾಗದಕ್ಕೆ ಸಹಿ ಮಾಡಿರಿ ಎಂದರು, ಮಾಡಿದೆ. ಅಕ್ಷರ ಕಲಿತವನು, ಬಬಲೇಶ್ವರದಲ್ಲಿ ಹೈಸ್ಕೂಲು ಮುಗಿಸಿದವನು, ಓದದೆ ಸಹಿ ಹಾಕಿದೆ. ಈಗ ನಿಜ ಹೇಳಿದರೆ ಇಂಜೆಕ್ಷನ್ನು ಹೋಯಿತು, ಕೈ ಹೋಯಿತು, ಮಗಳೂ ಹೋದಳು. ಹೇಳದಿದ್ದರೆ? ದೇವರು ನಡೆಸಿದರೆ ನಡೆದೀತು ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟು ನೀಚ ಧೈರ್ಯ ನನ್ನಲ್ಲಿತ್ತು.

ತೆರೆದ ಬಾಗಿಲಿನೊಳಗೆ ನರ್ಸಮ್ಮ ಸಲೈನಿನ ಚೀಲ ತೂಗುಹಾಕುತ್ತಿದ್ದಳು. ಸ್ಟ್ಯಾಂಡು ಗಿಡ್ಡವಾಗಿತ್ತು. ಬದಿಯ ತಿರುಪು ಸಡಿಲಿಸಿ, ಒಳಗಿನ ಪೈಪು ಮೇಲೆಳೆದು, ಮತ್ತೆ ತಿರುಪು ಬಿಗಿದು, ಒಮ್ಮೆ ಅಲುಗಿಸಿ ನೋಡಿದಳು. ಮುಂಜಾನೆ ಇಬ್ರಾಹಿಂಪುರದಲ್ಲಿ ನಾನು ಹತ್ತು ಸಲ ಮಾಡಿದ್ದು ಅದನ್ನೇ. ಚಹಾ ಕುಡಿಯುತ್ತ, ನಗುತ್ತ. ಕೆಳಗೆ ಮಲಗಿದವಳು ಆ ಸ್ಟ್ಯಾಂಡನ್ನು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತು. ಹೇಳಲು ಬಾಯಿಯಿಲ್ಲ. ಬಾಯಿದ್ದವನು ನಾನೊಬ್ಬನೇ.

ಇನ್ನೊಬ್ಬ ನರ್ಸು ತಟ್ಟೆ ಹಿಡಿದು ಒಳಗೆ ಹೋಗುತ್ತಿದ್ದಳು. “ಬ್ಯಾಡ್ರೀ!” ಎಂದು ಕೂಗಿದೆ. ಅದು ನನ್ನ ದನಿಯೇ ಎಂದು ನನಗೇ ಗೊತ್ತಾಗಲಿಲ್ಲ. “ಕೊಡಬ್ಯಾಡ್ರೀ. ಸುಳ್ಳ ಹೇಳೇನಿ. ಮುಂಜಾನಿ, ಬಿಸಿಲೇರೂದ್ರಾಗ ಆಗಿದ್ದು. ಕೈ ಜಾರಿತ್ತು. ನಾ ನೋಡೇನಿ.”

ಡಾಕ್ಟರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತಟ್ಟೆ ವಾಪಸು ಕಳಿಸಿದರು. “ಈಗರೆ ಹೇಳಿದ್ರಲ್ಲ,” ಎಂದಷ್ಟೇ ಹೇಳಿ ಒಳಗೆ ಹೋದರು.

ಮಗಳು ಬೈಯಲಿಲ್ಲ. “ಮುಂಜಾನಿಂದ ಎಲ್ಲಿದ್ದಿ?” ಎಂದಳು.

ಹೇಳಿದೆ.

“ಸ್ಟ್ಯಾಂಡು ತರಾಕ ಇಲ್ಲಿಗೇ ಬಂದಿದ್ದೇನಪಾ? ಇದೇ ಊರಿಗೆ?”

ಅವಳು ಹೋಗಿ ಮೆಟ್ಟಿಲ ಮೇಲೆ ಕುಳಿತಳು. ಅವಳ ಹಿಂದೆ ಹೋಗುವ ಧೈರ್ಯ ನನಗಾಗಲಿಲ್ಲ. ಹೆಂಡತಿ ಉಳಿಯುತ್ತಾಳೋ ಇಲ್ಲವೋ ಎಂದು ಡಾಕ್ಟರು ಖಾತ್ರಿ ಹೇಳದ ಆ ದಿನಗಳಲ್ಲಿ ನಾನು ಬಾಗಿಲ ಬಳಿಯೇ ಇದ್ದೆ. ಯಾರ ಚಪ್ಪಲಿಯ ಸಪ್ಪಳವಾದರೂ ಎದ್ದು ನಿಲ್ಲುತ್ತಿದ್ದೆ. ಮುಂಜಾನೆಯೇ ತಂದಿದ್ದರೆ ಎಂದು ಒಮ್ಮೆ ಕೇಳಿದ್ದಕ್ಕೆ ಡಾಕ್ಟರು, “ಕೈ ಉಳೀತಿತ್ತೋ ಏನೋ. ಹೇಳಾಕ ಬರಂಗಿಲ್ಲ,” ಎಂದರು. ಉಳಿಯುತ್ತಿತ್ತು ಎಂದಿದ್ದರೆ ಅದನ್ನು ಶಿಕ್ಷೆ ಎಂದು ಹೊತ್ತುಕೊಳ್ಳುತ್ತಿದ್ದೆ. ಈ ‘ಏನೋ’ ಇದೆಯಲ್ಲ, ಇದನ್ನು ಎಲ್ಲಿ ಇಳಿಸುವುದು?

ಅವಳು ಉಳಿದಳು. ಕೋಲು ಹಿಡಿದು ನಡೆಯುತ್ತಾಳೆ. ಬಲಗೈ ಬರಲಿಲ್ಲ. ಮಾತು ಬರುತ್ತದೆ, ಒಂದೊಂದೇ ಶಬ್ದ, ನಡುವೆ ಬಹಳ ಹೊತ್ತು. ಮಗಳು ಬರುತ್ತಾಳೆ, ತಾಯಿಯ ತಲೆ ಬಾಚುತ್ತಾಳೆ, ನನಗೆ ಚಹಾ ಮಾಡಿ ಕೊಡುತ್ತಾಳೆ. ಸ್ಟ್ಯಾಂಡಿನ ಕಡೆ ನೋಡುವುದಿಲ್ಲ. ಅದನ್ನು ಗುಜರಿಗೆ ಹಾಕಲು ನಾನು ಎರಡು ಸಲ ಎತ್ತಿಕೊಂಡು ಹೊರಟೆ. ಎರಡು ಸಲವೂ ಹೆಂಡತಿ ಕೋಲು ಅಡ್ಡ ಹಿಡಿದಳು. “ಇರ್ಲಿ” ಎಂದಳು. ಯಾಕೆಂದು ಹೇಳಲಿಲ್ಲ. ಕೇಳುವ ಧೈರ್ಯ ನನಗಿಲ್ಲ.

ಈ ವರ್ಷದ ರಾಶಿಗೆ ತಾನೂ ಬರುತ್ತೇನೆಂದು ಹಟ ಹಿಡಿದಳು. ಮಗ ಕುರ್ಚಿ ತಂದು ತಾಡಪತ್ರಿಯ ಮೇಲೆ ಇಟ್ಟ. ಅವಳು ಎಡಗೈಯಿಂದ ತಿರುಪು ಸಡಿಲಿಸಿ, ತಾನು ಕುಳಿತ ಎತ್ತರಕ್ಕೆ ಬಳೆಯನ್ನು ಇಳಿಸಿಕೊಂಡು, ಒಂದೇ ಕೈಯಲ್ಲಿ ಚೀಲದ ಬಾಯಿಯನ್ನು ಕೊಕ್ಕೆಗಳಿಗೆ ಸಿಕ್ಕಿಸಿದಳು. ಸೆರಗನ್ನು ಮುಖಕ್ಕೆ ಕಟ್ಟಲು ಹೋದಾಗ ನಾನು ತಡೆದೆ. ಧೂಳು ಬಿದ್ದರೆ ಬೀಳಲಿ, ಬಾಯಿ ನನಗೆ ಕಾಣಬೇಕು.

ತುಂಬಲು ಶುರು ಮಾಡಿದೆವು. ಎಲ್ಲರೂ ಸುಮ್ಮನಾದರು, ರೂಢಿಯಂತೆ. ಬುಟ್ಟಿಯಿಂದ ಕಾಳು ಇಳಿಯುವ ಸಪ್ಪಳ ಮಾತ್ರ. ನನಗೆ ಆ ಮೌನ ತಡೆಯಲಾಗಲಿಲ್ಲ.

“ಆರಾಮ ಅದೀಯಲ್ಲ?” ಎಂದೆ. ತಲೆಯಾಡಿಸಿದಳು. ಮತ್ತೊಂದು ಬುಟ್ಟಿ. “ಬಿಸಿಲ ಹತ್ತೇತೇನು?” ಇಲ್ಲವೆಂದು ಕೈ ಮಾಡಿದಳು. ಮತ್ತೊಂದು ಬುಟ್ಟಿ. “ಬಾಯಿ ಬಿಟ್ಟು ಹೇಳು. ಏನರೆ ಮಾತಾಡು.”

ಆಳು ಹೆಣ್ಣುಮಗಳು, ಅದೇ ಬಾಯಿ ಜೋರಿನವಳು, “ಯಣ್ಣಾ, ರಾಶಿ ಮುಂದ ಮಾತಾಡಬಾರದಂತಿದ್ದಿ?” ಎಂದಳು.

“ಆ ಪದ್ಧತಿ ಬಿಟ್ಟೇನಿ,” ಎಂದೆ. “ಇನ್ನ ಮ್ಯಾಲ ಈ ಹೊಲದಾಗ ಎಲ್ಲಾರೂ ಒದರೂದ.”

ಹೆಂಡತಿ ಮುಖ ಎತ್ತಿದಳು. ಧೂಳಿನಿಂದ ಹುಬ್ಬು ಬೆಳ್ಳಗಾಗಿದ್ದವು. ತುಟಿ ಕೂಡಿಸಿ, ಬಿಡಿಸಿ, ಶಬ್ದವನ್ನು ಎಲ್ಲಿಂದಲೋ ಎಳೆದು ತಂದಳು.

“ಒ... ಒದರಬ್ಯಾಡ,” ಎಂದಳು. ಎಡಗೈಯಿಂದ ಬುಟ್ಟಿ ತೋರಿಸಿ, “ತುಂಬು.”

ತುಂಬಿದೆ. ಬುಟ್ಟಿ ಸುರಿದಾಗಲೆಲ್ಲ ಅವಳ ಬಾಯಿಯ ಕಡೆಗೇ ನೋಡುತ್ತಿದ್ದುದರಿಂದ ಅರ್ಧ ಕಾಳು ಹೊರಗೆ ಚೆಲ್ಲಿತು. ಆ ಚೆಲ್ಲಿದ್ದಕ್ಕೆ ಈ ಸಲ ಯಾರೂ ಯಾರನ್ನೂ ಬೈಯಲಿಲ್ಲ.