ದಾಮೋದರ ರಾಯರ ಸಹಿ

ಸುರೇಶಾ, ನಿನ್ನ ಅಪ್ಪನ ಸಹಿ ಹಾಕಿದವನು ನಾನು. ತಿರುವನಂತಪುರದ ಕೋರ್ಟಿನಲ್ಲಿ ನೀನು ಸೋತದ್ದು ಆ ಸಹಿಯಿಂದ. ಹೇಳಿಯಾಯಿತು. ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಯಾರ ಕೈಯಲ್ಲಾದರೂ ಗಟ್ಟಿಯಾಗಿ ಓದಿಸಿಕೋ. ಕ್ಷಮೆ ಕೇಳುತ್ತಾನೆ ಎಂದು ಕಾಯಬೇಡ.

ಶುರುವಾದದ್ದು ಒಂದು ಆಟದಿಂದ. ಎರಡು ಸಾವಿರದ ಐದನೆಯ ಇಸವಿ. ನಾನು ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕಚೇರಿಯಲ್ಲಿ ಗುಮಾಸ್ತ. ನಿನ್ನ ಅಪ್ಪ ದಾಮೋದರ ರಾಯರೂ ನನಗಿಂತ ಎಷ್ಟೋ ಮೊದಲು ಅಲ್ಲೇ ಇದ್ದು, ನಡುವೆ ಕೆಲಸ ಬಿಟ್ಟು ತಿರುವನಂತಪುರಕ್ಕೆ ಹೋದವರು. ಭಾನುವಾರ ಮಧ್ಯಾಹ್ನ ಪಾಲಾರಿವಟ್ಟಂನ ಇಂಟರ್ನೆಟ್ ಸೆಂಟರಿನಲ್ಲಿ ಕೂತು ಆಡುತ್ತಿದ್ದೆ. ಬೇರೆ ಬೇರೆ ದೇಶಗಳ ಆರು ಜನ. ಒಬ್ಬ ಕಥೆ ಹೇಳುತ್ತಾ ಹೋಗುವುದು, ಉಳಿದವರು ಒಂದೊಂದು ಪಾತ್ರವಾಗಿ ‘ಬಾಗಿಲು ತೆಗೆದೆ’, ‘ಓಡಿದೆ’ ಎಂದು ಟೈಪ್ ಮಾಡುವುದು. ನಲವತ್ತು ದಾಟಿದವನಿಗೆ ಇದೆಂಥ ಹುಚ್ಚು ಅಂತೀಯಾ? ಅನ್ನು, ಅನ್ನು. ಆ ಕಥೆಗೆ ಬೇಕಾದ ಹಳೆಯ ಪತ್ರಗಳನ್ನು — ಮುಳುಗಿದ ಹಡಗಿನ ಕಪ್ತಾನನದು, ಓಡಿಹೋದ ಹೆಂಡತಿಯದು — ಮಾಡಿಕೊಡುತ್ತಿದ್ದವನು ನಾನು. ಹಾಲಿಲ್ಲದ ಕಟ್ಟನ್ ಚಾಯದಲ್ಲಿ ಅದ್ದಿ, ಇಸ್ತ್ರಿ ಹಾಕಿ, ಮಡಿಕೆ ಸವೆಸಿ, ಅದ್ದುವ ಪೆನ್ನಿನಲ್ಲಿ ಬರೆದು, ಸ್ಕ್ಯಾನ್ ಮಾಡಿ ಕಳಿಸುತ್ತಿದ್ದೆ. ಇಪ್ಪತ್ತು ವರ್ಷ ಕಚೇರಿಯಲ್ಲಿ ಯಾರೂ ಹೇಳದ ‘ಭೇಷ್’ ನನಗೆ ಅಲ್ಲಿ ಸಿಗುತ್ತಿತ್ತು.

ಆದರೆ ಹೊಸ ಕಾಗದಕ್ಕೆ ಎಷ್ಟು ಚಾ ಕುಡಿಸಿದರೂ ಅದು ಹಳತಾಗುವುದಿಲ್ಲ. ಹಳೆಯ ಕಾಗದವೇ ಬೇಕು. ನಮ್ಮ ಕಚೇರಿಯಲ್ಲಿ ಅವಧಿ ಮುಗಿದ ಫೈಲುಗಳನ್ನು ನಾಶಕ್ಕೆಂದು ಬೇರೆ ಮಾಡಿ ರಾಶಿ ಹಾಕುವ ಪದ್ಧತಿ. ಆ ರಾಶಿಯಿಂದ ಖಾಲಿ ಹಾಳೆ ಹಿರಿಯುವುದು ನನಗೆ ಅಭ್ಯಾಸವಾಯಿತು. ಹೇಗೂ ಸುಡುವುದು ತಾನೇ? ಒಂದು ದಿನ ಸಿಕ್ಕಿದ ಹಾಳೆಯ ತಲೆಯಲ್ಲಿ ಒಂದೇ ಸಾಲು ಇಂಗ್ಲಿಷು, ಕೆಳಗೆ ಕನ್ನಡದಲ್ಲಿ ಒಂದು ಸಹಿ, ಮಿಕ್ಕಿದ್ದೆಲ್ಲ ಖಾಲಿ. ಸಾಲು, ಸಹಿ ಎರಡೂ ಇದ್ದ ತಲೆ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ. ಉಳಿದದ್ದರ ಮೇಲೆ ಕಪ್ತಾನನ ಕೊನೆಯ ಪತ್ರ ಬರೆದೆ. ಬಹಳ ಚೆನ್ನಾಗಿ ಬಂತು.

ಸುಡುವ ಆದೇಶ ಮಾತ್ರ ಬರಲೇ ಇಲ್ಲ. ಎರಡು ವರ್ಷದ ಮೇಲೆ ವಕೀಲರ ಪತ್ರ ಹಿಡಿದು ರುಕ್ಮಿಣಿ ಅಕ್ಕ ಬಂದಳು. ನಾನೂ ಕಾಸರಗೋಡಿನವನೆಂದು ತಿಳಿದದ್ದೇ ತಡ, ಎದುರಿನ ಕುರ್ಚಿಯಲ್ಲಿ ಕೂತು ಹೇಳಿದಳು: “ಅವರು ಹೋಗಿ ಆರು ತಿಂಗಳಾಗ್ಲಿಲ್ಲ ಮಾರಾಯ. ಮನೆ ಬಿಡಿಸಲಿಕ್ಕೆ ಮಗ ನನ್ನನ್ನು ಅಡುಗೆಯವಳು ಅಂತ ಕೋರ್ಟಿಗೆ ಬರೆದು ಕೊಟ್ಟಿದ್ದಾನೆ.”

ಆ ಮಗ ನೀನು, ಸುರೇಶಾ. ನಿನ್ನ ತಾಯಿ ತೀರಿದ ಮೇಲೆ ನಿನ್ನ ಅಪ್ಪ ಆಕೆಯನ್ನು ದೇವಸ್ಥಾನದಲ್ಲಿ ಮದುವೆಯಾದದ್ದಕ್ಕೆ ರಿಜಿಸ್ಟರು ಇಲ್ಲ, ಫೋಟೊ ಇಲ್ಲ. ಇದ್ದದ್ದು ಕಚೇರಿಗೆ ಕೊಟ್ಟ ಒಂದು ಪತ್ರ, ‘ರುಕ್ಮಿಣಿ ನನ್ನ ಧರ್ಮಪತ್ನಿ, ದಾಖಲಿಸಿಕೊಳ್ಳಿ’ ಎಂದು. ಫೈಲು ತೆಗೆದೆ. ಮೊದಲ ಹಾಳೆ ಇತ್ತು. ಎರಡನೆಯದು — ಅಯ್ಯೋ ದೇವರೇ, ನಾನು ತಲೆ ಕತ್ತರಿಸಿ ಕಪ್ತಾನನಿಗೆ ಕೊಟ್ಟ ಹಾಳೆ ಅದೇ. ಸಹಿಯಿಲ್ಲದ ಪತ್ರವನ್ನು ಯಾವ ಕೋರ್ಟು ಮೂಸುತ್ತದೆ?

ಸಾಹೇಬರ ಎದುರು ನಿಂತು ಒಪ್ಪಿಕೊಳ್ಳಬಹುದಿತ್ತು. ನನ್ನ ಕೆಲಸ ಹೋಗುತ್ತಿತ್ತು, ಆಕೆಗೆ ಸಹಿ ಬರುತ್ತಿರಲಿಲ್ಲ. ಅದೇ ರಾಶಿಯಿಂದ ಅದೇ ಕಾಲದ ಇನ್ನೊಂದು ಹಾಳೆ ತಂದು, ಆ ಒಂದು ಸಾಲು ಇಂಗ್ಲಿಷನ್ನು ಮೊದಲ ಹಾಳೆಯ ಅಕ್ಷರದಲ್ಲೇ ಬರೆದೆ. ಫೈಲಿನ ಬೇರೆ ಕಾಗದಗಳಲ್ಲಿದ್ದ ನಿನ್ನ ಅಪ್ಪನ ಸಹಿಯನ್ನು ಎರಡು ಭಾನುವಾರ ಕೂತು ಕಲಿತೆ, ಹಾಕಿದೆ. ಸಾಹೇಬರು ಹಾಳೆಯನ್ನು ನನ್ನ ಕಡೆಗೇ ತಳ್ಳಿ, “ಇದು ತಾನ್ಡೆ ಭಾಷಯಲ್ಲೇಡೋ? ನೋಕ್ಕಿ ಪರ” ಎಂದರು — ನಿನ್ನ ಭಾಷೆ ತಾನೇ, ನೋಡಿ ಹೇಳು ಅಂತ. ಕಚೇರಿಯಲ್ಲಿ ಕನ್ನಡ ಓದುವವನು ನಾನೊಬ್ಬನೇ. ನೋಡಿ ಹೇಳಿದೆ — ಸರಿಯಾಗಿದೆ, ಸರ್.

ಇಷ್ಟಕ್ಕೆ ನಾನು ತಲೆ ತಗ್ಗಿಸುವುದಿಲ್ಲ. ನೀನು ಆಕೆಯನ್ನು ಅಡುಗೆಯವಳು ಅಂದದ್ದು ಹಸಿ ಸುಳ್ಳು. ನಾನು ಬರೆದದ್ದು ನಿನ್ನ ಅಪ್ಪ ಒಮ್ಮೆ ಬರೆದದ್ದನ್ನೇ. ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಹಾಕುತ್ತೇನೆ. ಕೇಸು ಹಾಕುತ್ತೀಯಾ? ಹಾಕು. ನನ್ನ ಮನೆ ಎಡಪ್ಪಳ್ಳಿಯಲ್ಲೇ ಇದೆ, ಎಲ್ಲಿಗೂ ಓಡುವುದಿಲ್ಲ.

ಆದರೆ ಕೋರ್ಟಿನ ದಿನ. ಅಸಲು ಫೈಲು ಹಿಡಿದು ನಾನೇ ಬಂದಿದ್ದೆ; ನೀನು ನನ್ನ ಪಕ್ಕದ ಬೆಂಚಿನಲ್ಲಿದ್ದೆ. ಅಕ್ಕನ ಕೈಯಿಂದ ಪ್ರಮಾಣ ಮಾಡಿಸಿ, ಆ ಹಾಳೆ ಕೊಟ್ಟು, ಗಂಡನ ಸಹಿಯೇ ಎಂದು ಕೇಳಿದರು. ಆಕೆ ಬಹಳ ಹೊತ್ತು ನೋಡಿದಳು. ಕಣ್ಣು ಮಂಜಾಗಿದೆಯೇನೋ ಎಂದುಕೊಂಡೆ. “ಹೌದು, ಅವರದ್ದೇ” ಎಂದಳು.

ಆಮೇಲೆ ಜಗಲಿಯಲ್ಲಿ ನನ್ನನ್ನು ನಿಲ್ಲಿಸಿದಳು. “ಆ ಪತ್ರ ಬರೆಯುವಾಗ ಅವರ ಬಲಗೈ ಮುರಿದಿತ್ತು. ಮೇಲಿನದ್ದೆಲ್ಲ ಬೇರೆಯವರು ಬರೆದದ್ದು. ಸಹಿ ಮಾತ್ರ ಅವರೇ ಎಡಗೈಯಲ್ಲಿ ಹಾಕಿದ್ದು, ಕಾಗೆ ಕಾಲಿನ ಹಾಗೆ. ಕಾಗದ ಜಾರದ ಹಾಗೆ ನಾನೇ ಹಿಡ್ಕೊಂಡಿದ್ದೆ, ಇಬ್ಬರಿಗೂ ನಗೆ ತಡೆಯಲಿಕ್ಕೆ ಆಗ್ಲಿಲ್ಲ. ಆ ಕಾಗದ ಎಲ್ಲಿ ಹೋಯ್ತು, ತಮ್ಮಾ?”

ನಾನು — ಇಷ್ಟೆಲ್ಲ ಎದೆ ಸೆಟೆಸಿ ಬರೆಯುತ್ತಿರುವ ನಾನು — “ಗೊತ್ತಿಲ್ಲ ಅಕ್ಕಾ” ಎಂದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. “ಇರ್ಲಿ ಬಿಡು. ಸತ್ಯ ಹೇಳಲಿಕ್ಕೆ ಅಂತ ಬಂದಿದ್ದೆ. ಸುಳ್ಳು ಹೇಳಿ ಅವರ ಹೆಂಡತಿಯಾದೆ.” ಬಸ್ಸಿನ ಕಡೆಗೆ ಒಬ್ಬಳೇ ಹೋದಳು. ಗೆದ್ದವರು ಹೋಗುವ ಹಾಗೆ ಇರಲಿಲ್ಲ.

ಕಳೆದ ತಿಂಗಳು ಆಕೆ ತೀರಿಕೊಂಡಳೆಂದು ತಿಳಿಯಿತು. ಮನೆ ಹೇಗೂ ಈಗ ನಿನ್ನದೇ. ಆ ಜಗಲಿಯಲ್ಲಿ ಹೇಳಬೇಕಾದದ್ದನ್ನು ನಾನು ಹೇಳಲಿಲ್ಲ, ಇನ್ನು ಕೇಳಲು ಆಕೆ ಇಲ್ಲ. ಅದು ನನ್ನ ಜೊತೆಗೇ ಇರುತ್ತದೆ, ಇರಲಿ. ನೀನು ಆಕೆಯನ್ನು ಅಮ್ಮ ಎನ್ನಬೇಕಾಗಿಲ್ಲ. ಆದರೆ ಇದನ್ನು ಓದಿಸಿಕೊಂಡ ಮೇಲೆ, ಅವಳು ಕೋರ್ಟಿನಲ್ಲಿ ಸುಳ್ಳು ಹೇಳಿ ಗೆದ್ದಳು ಎಂದು ಯಾರ ಹತ್ತಿರವಾದರೂ ಹೇಳಿದೆಯೋ, ನಾನೇ ಅಲ್ಲಿಗೆ ಬಂದು, ಆ ಸುಳ್ಳನ್ನು ಆಕೆಯ ಬಾಯಿಗೆ ಹಾಕಿದವನು ನಾನು ಎಂದು ಹೇಳುತ್ತೇನೆ.