ಅರ್ಗಿರೋಳ ಮೀಸೆ

ಕ್ರೀಟ್ ದ್ವೀಪದ ಆ ಬೆಟ್ಟದೂರಿನಲ್ಲಿ ಗಂಡಸಿನ ಮೀಸೆ ಮುಟ್ಟುವ ಅಧಿಕಾರ ಒಬ್ಬಳೇ ಹೆಂಗಸಿಗಿತ್ತು. ಅಪ್ಪನಿಂದ ಬಂದ ಕ್ಷೌರದಂಗಡಿಯಲ್ಲಿ ಅರ್ಗಿರೋ ಮೂವತ್ತು ವರ್ಷದಿಂದ ಕುರಿಗಾಹಿಗಳ, ಮದುವಣಿಗರ ಮೀಸೆ ತಿದ್ದಿದವಳು. ಯಾರ ಮೀಸೆ ಎಡಕ್ಕೆ ವಾಲುತ್ತದೆ, ಯಾರು ಕದ್ದುಮುಚ್ಚಿ ಬಣ್ಣ ಹಚ್ಚುತ್ತಾರೆ, ಎಲ್ಲ ಅವಳಿಗೆ ಗೊತ್ತಿತ್ತು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಅಂಥವಳಿಗೇ ಐವತ್ತೆರಡನೇ ವಯಸ್ಸಿನಲ್ಲಿ ಮೀಸೆ ಬಂತು.

ರಕ್ತದ ಕ್ಯಾನ್ಸರ್ ಆಗಿ, ಅಣ್ಣ ಸ್ತ್ರಾತಿಸ್‌ನ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಅವಳ ಮೈಗೆ ಸೇರಿಸಿ ಏಳು ತಿಂಗಳಾಗಿತ್ತು. ಉದುರಿದ ತಲೆಗೂದಲು ಕುರಿಮರಿಯ ತುಪ್ಪಳದಂತೆ ಗುಂಗುರಾಗಿ ಮರಳಿದಾಗ ಅವಳು ಕನ್ನಡಿ ಮುಂದೆ ಕುಣಿದಿದ್ದಳು. ಆಮೇಲೆ ಕೆನ್ನೆಯ ಮೇಲೂ ಕೂದಲು ಬಂತು, ಎರಡು ಹುಬ್ಬು ಕೂಡಿಕೊಂಡವು, ಮೇಲ್ದುಟಿಯ ಮೇಲೆ ಕಪ್ಪು ಗೆರೆ ಮೂಡಿತು.

"ಇದು ಸೈಕ್ಲೋಸ್ಪೊರಿನ್ ಮಾತ್ರೆ ಕೆಲಸ," ಅಂದಿದ್ದರು ಡಾಕ್ಟರು. "ನಿಮ್ಮಣ್ಣನ ಕಣಗಳು ನಿಮ್ಮ ಮೈನ ಪರರ ಮನೆ ಅಂದ್ಕೊಂಡು ಜಗಳಕ್ಕೆ ನಿಲ್ಬಾರ್ದಲ್ಲ, ಅದಕ್ಕೆ ಈ ಮಾತ್ರೆ. ಇದನ್ನ ನಾವು ನಿಲ್ಲಿಸಿದ ಮೇಲೆ ಕೂದಲೂ ಹೋಗುತ್ತೆ. ಅಲ್ಲೀವರೆಗೂ ಕೀಳ್ಬೇಡಿ, ಮೇಣ ಹಾಕ್ಬೇಡಿ. ಬೇಕಾದ್ರೆ ಮೆಲ್ಲಗೆ ಬೋಳಿಸ್ಕೊಳ್ಳಿ."

ಬೋಳಿಸಲು ಮಾತ್ರ ಅವಳು ಒಪ್ಪಲಿಲ್ಲ. ಹೆಂಗಸಿನ ತುಟಿಗೆ ಕತ್ತಿ ತಾಗಿದರೆ ಮೂರು ಪಟ್ಟು ಬೆಳೆಯುತ್ತದೆ ಎಂದು ಊರ ಹುಡುಗಿಯರಿಗೆಲ್ಲ ಬುದ್ಧಿ ಹೇಳಿದವಳೇ ಅವಳು. ಡಾಕ್ಟರು ರಕ್ತ ಓದಿದ್ದಾರೆ, ಕೂದಲು ಓದಿಲ್ಲ ಎಂದುಕೊಂಡಳು.

ಊರಿನವರ ತೀರ್ಮಾನವೇ ಬೇರೆ. ಸ್ತ್ರಾತಿಸ್‌ನದು ಊರಿಗೇ ದೊಡ್ಡ ಮೀಸೆ; ಸೈನ್ಯಕ್ಕೆ ಹೋದಾಗಲೂ ತೆಗೆಯದೆ ಬೈಸಿಕೊಂಡವನು.

"ರಕ್ತದ ಜೊತೆ ಮೀಸೇನೂ ಕೊಟ್ಟಿದ್ದಾನೆ ನಿಮ್ಮಣ್ಣ," ಎಂದ ಕುರ್ಚಿಯಲ್ಲಿ ಕೂತಿದ್ದ ಮುದುಕ ಮಥ್ಯೋಸ್.

"ನಿನ್ನದಕ್ಕಿಂತ ಚೆನ್ನಾಗಿದೆ ಬಿಡು ತಾತ," ಎಂದಳು ಅರ್ಗಿರೋ, ಕತ್ತರಿ ನಿಲ್ಲಿಸದೆ.

ಆದರೆ ಸೆಪ್ಟೆಂಬರಿನಲ್ಲಿ ಅಣ್ಣನ ಮಗಳು ಕಲ್ಲಿಯೋಪಿಯ ಮದುವೆ ಇತ್ತು. ವಧೂವರರ ತಲೆಯ ಮೇಲಿನ ಹೂಕಿರೀಟಗಳನ್ನು ಮೂರು ಸಲ ಅದಲುಬದಲು ಮಾಡಬೇಕಾದವಳು ಅರ್ಗಿರೋ. ಊರಿನ ಕಣ್ಣೆಲ್ಲ, ಕ್ಯಾಮೆರಾ ಎಲ್ಲ ಅವಳ ಮುಖದ ಮೇಲೆಯೇ. ಅಂಗಡಿಯಲ್ಲಿ ಯಾರಿಗೂ ಜಗ್ಗದವಳ ಧೈರ್ಯ ಅಲ್ಲಿ ಕೈಕೊಟ್ಟಿತು. ಮದುವೆಗೆ ಎರಡು ವಾರ ಇರುವಾಗ ಯಾರಿಗೂ ಹೇಳದೆ ಸಂಜೆಯ ಮಾತ್ರೆ ಬಿಟ್ಟಳು.

ಆ ಮಾತ್ರೆಗೊಂದು ವಾಸನೆಯಿತ್ತು. ಅದರ ತಗಡಿನ ಹಾಳೆ ಒಡೆದರೆ ಸಾಕು, ಕೋಣೆಯೆಲ್ಲ ನಾರುತ್ತಿತ್ತು. ದಿನಾ ಸಂಜೆ ಅಂಗಡಿಗೆ ಕಾಫಿ ಕುಡಿಯಲು ಬರುವ ಸ್ತ್ರಾತಿಸ್ ಮೂಗು ಮುಚ್ಚಿಕೊಂಡು ಶಾಪ ಹಾಕುತ್ತಿದ್ದ. ಮೂರನೆಯ ಸಂಜೆಯೂ ವಾಸನೆ ಬರದಿದ್ದಾಗ ಅವನು ಲೋಟ ಕೆಳಗಿಟ್ಟ.

"ಮಾತ್ರೆ ತಗೊಂಡ್ಯಾ?"

"ಹ್ಞೂಂ."

"ಸುಳ್ಳು. ನಾತ ಎಲ್ಲಿ?"

ಅರ್ಗಿರೋ ಟವೆಲ್ ಮಡಿಸಿದಳು, ಮತ್ತೆ ಬಿಡಿಸಿದಳು. "ಈ ಮುಖ ಹೊತ್ಕೊಂಡು ಕಿರೀಟ ಹೇಗೆ ಎತ್ಲಿ ಅಣ್ಣ?"

ಸ್ತ್ರಾತಿಸ್ ಎದ್ದು ಕನ್ನಡಿ ಮುಂದೆ ನಿಂತ. "ತಪ್ಪು ನಂದೇ. ನನ್ನ ಮೀಸೆ ನಿಂಗೆ ಹತ್ತಿದೆ. ನಂದು ಹೋದ್ರೆ ನಿಂದೂ ಹೋಗುತ್ತೆ." ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡ. ಅವಳು ಬೇಡ ಅನ್ನುವಷ್ಟರಲ್ಲಿ ನಲವತ್ತು ವರ್ಷದ ಮೀಸೆಯ ಅರ್ಧ ನೆಲದ ಮೇಲಿತ್ತು.

"ಅಯ್ಯೋ ಪೆದ್ದಾ, ಅದು ಮಾತ್ರೆಯಿಂದ ಬಂದಿದ್ದು ಕಣೋ, ನಿನ್ನಿಂದಲ್ಲ."

ಅರ್ಧ ಮೀಸೆಯಲ್ಲಿ ಅವನು ಅವಳ ಕಡೆ ತಿರುಗಿದ. ಅವಳಿಗೆ ನಗು ಬಂತು, ಅವನಿಗೆ ಬರಲಿಲ್ಲ.

"ಅದು ಗೊತ್ತಿದ್ದೂ ಮಾತ್ರೆ ಬಿಟ್ಯಾ? ಹೋದ ಚಳಿಗಾಲ ನಿನ್ನ ಗೋರಿಗೆ ಕಲ್ಲು ನೋಡ್ಕೊಂಡು ಬಂದಿದ್ದೆ ನಾನು. ಯಾರಿಗೂ ಹೇಳಿಲ್ಲ. ಮೀಸೆ ಇರೋ ತಂಗಿ ಸಾಕು ನಂಗೆ."

ಅರ್ಗಿರೋಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಆಸ್ಪತ್ರೆಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡಳು, ಬೈಸಿಕೊಂಡಳು, ಅವರು ಹೇಳಿದಂತೆ ಆ ಸಂಜೆಯ ಮಾತ್ರೆ ನುಂಗಿದಳು. ಮರುದಿನ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಂಡು ಬಂದಳು. ಸದ್ಯ, ಏನೂ ಕೆಟ್ಟಿರಲಿಲ್ಲ. ಆಮೇಲೆ ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ ಉಳಿದರ್ಧವನ್ನು ನೀಟಾಗಿ ತೆಗೆದಳು.

ಮದುವೆಯ ದಿನ ಅವಳು ತನ್ನ ಮೀಸೆಗೆ ಬೋಳಿಸುವ ಕತ್ತಿ ಮುಟ್ಟಿಸಲಿಲ್ಲ. ಯಾವುದೇ ಗಿರಾಕಿಗೆ ಮಾಡುವಂತೆ ಚಿಕ್ಕ ಕತ್ತರಿಯಲ್ಲಿ ಅಂಚು ಸಮ ಮಾಡಿಕೊಂಡಳು. ಕೆಂಪು ಲಿಪ್‌ಸ್ಟಿಕ್ ಹಚ್ಚಿ ತಲೆಯೆತ್ತಿಕೊಂಡು ಚರ್ಚಿಗೆ ಬಂದಳು.

"ಹುಡುಗಿ ಅಪ್ಪ ಯಾರು, ಇವಳಾ ಅವನಾ?" ಎಂದು ಮಥ್ಯೋಸ್ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದ. ಅವಳು ಅವನತ್ತ ಮೀಸೆ ತಿರುವಿ ತೋರಿಸಿದಳು.

ಕಿರೀಟಗಳು ಮೂರು ಸಲ ಅದಲುಬದಲಾದವು. ಸಂಜೆ ಏಳಾಗಿತ್ತು, ಮಾತ್ರೆಯ ಹೊತ್ತು. ಪಕ್ಕದಲ್ಲಿದ್ದ ಸ್ತ್ರಾತಿಸ್ ಕೋಟಿನ ಜೇಬಿನೊಳಗೇ ಹಾಳೆ ಒಡೆದು ಮಾತ್ರೆಯನ್ನು ಅವಳ ಅಂಗೈಗೆ ದಾಟಿಸಿದ. ಪಾದ್ರಿ ಅನುಮಾನದಿಂದ ತಮ್ಮ ಧೂಪದ ಬಟ್ಟಲನ್ನೇ ಮೂಸಿ ನೋಡಿದರು. ಅವಳು ನುಂಗಿದಳು. ಮೀಸೆಯಿಲ್ಲದ ಅಣ್ಣ ಕಣ್ಣು ಮುಚ್ಚಿ ಆ ನಾತವನ್ನು ಎದೆತುಂಬ ಎಳೆದುಕೊಂಡ.