ವ್ಯಾನಕ್ಕ ತೊಳೆದು ತಂದ ಕ್ಯಾರೆಟ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತೋಟದ ಕೊಳಾಯಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ವ್ಯಾನಕ್ಕ ಕ್ಯಾರೆಟ್ ತೊಳೆಯುತ್ತಿದ್ದಾರೆ. ಸುಮ್ಮನೆ ನೀರಲ್ಲಿ ಅದ್ದಿ ತೆಗೆಯುವುದಲ್ಲ. ಹಲ್ಲುಜ್ಜುವ ಹಳೆಯ ಬ್ರಷ್ಷು ಹಿಡಿದು ಒಂದೊಂದರ ಮೈಯನ್ನೂ ತಿಕ್ಕುತ್ತಿದ್ದಾರೆ. ಚಳಿಗೆ ಬೆರಳು ಮರಗಟ್ಟಿವೆ, ಸೆರಗಿನ ತುದಿ ಕೆಸರಲ್ಲಿ ಬಿದ್ದಿದೆ. ಯಾವುದೂ ಅವರ ಗಮನಕ್ಕೆ ಬಂದಿಲ್ಲ.

ತೋಟದ ಯಜಮಾನ ಗಡ್ಡದ ತಾತ ಕಂಬಳಿ ಹೊದ್ದು ನಿಂತು ನೋಡುವಷ್ಟು ನೋಡಿ, "ಏನಮ್ಮಾ, ಕ್ಯಾರೆಟ್‌ಗೆ ಮದುವೆ ಗೊತ್ತಾಗಿದೆಯಾ?" ಎನ್ನುತ್ತಾರೆ.

"ಸುಮ್ನಿರಿ ತಾತ. ಇವತ್ತು ಶಾಲೆಗೆ ಅನುದಾನದ ಆಫೀಸಿಂದ ಬರ್ತಾರೆ."

ತೊಳೆದಾದ ಮೇಲೆ ವಿಂಗಡಣೆ. ನೆಟ್ಟಗಿರುವವು, ಒಂದೇ ಉದ್ದದವು ನೀಲಿ ಕ್ರೇಟಿಗೆ. ಸೊಟ್ಟಗಿರುವವು, ಸೀಳಿದವು, ಎರಡು ಕಾಲು ಮೂಡಿದವು ಗೋಣಿಚೀಲಕ್ಕೆ. ಕೈ ಎಷ್ಟು ಚುರುಕಾಗಿ ಓಡುತ್ತದೆಂದರೆ ಕಣ್ಣಿಗೆ ಕೆಲಸವೇ ಇಲ್ಲ. ಗೋಣಿಚೀಲವನ್ನು ತಿಪ್ಪೆಗೆ ಎಸೆಯಲು ಮಾತ್ರ ಮನಸ್ಸು ಒಪ್ಪುವುದಿಲ್ಲ. ವ್ಯಾನಿನ ಸೀಟಿನ ಕೆಳಗೆ ತುರುಕಿ ಹೊರಡುತ್ತಾರೆ.

ಈ ಕೈಗೆ ವಿಂಗಡಣೆ ಕಲಿಸಿದ್ದು ಸಗಟು ಮಂಡಿ. ಮದುವೆಯಾಗಿ ಬಂದ ಹೊಸದರಲ್ಲೇ ಅಲ್ಲಿ ತರಕಾರಿ ಆರಿಸುವ ಕೆಲಸಕ್ಕೆ ಸೇರಿದವರು ಹನ್ನೊಂದು ವರ್ಷ ಅದನ್ನೇ ಮಾಡಿದರು. ಗಂಡ ದರ್ಜಿ. ಹೊಲಿಗೆ ಮಿಷನ್ನು ಓಡಿದರೆ ಓಡಿತು, ಇಲ್ಲದಿದ್ದರೆ ಇಲ್ಲ. ಮಂಡಿಯ ಚಾಲಕರೊಬ್ಬರನ್ನು ಕಾಡಿ ಬೇಡಿ ವ್ಯಾನು ಓಡಿಸುವುದನ್ನೂ ಕಲಿತು, ಎಲ್ಲರ ಬಾಯಲ್ಲಿ ವ್ಯಾನಕ್ಕ ಆದರು. "ಹೆಣ್ಣುಮಗಳು ಸ್ಟೇರಿಂಗ್ ಹಿಡಿದರೆ ಮನೆ ಉದ್ಧಾರ ಆದ ಹಾಗೇ" ಎಂದು ಗೊಣಗಿದ್ದ ಅತ್ತೆ, ಈಗ ಆಸ್ಪತ್ರೆಗೆ ಹೋಗಬೇಕಾದರೆ ಮುಂದಿನ ಸೀಟು ತಮಗೇ ಬೇಕೆಂದು ಹಟ ಹಿಡಿಯುತ್ತಾರೆ.

ಎರಡು ವರ್ಷದ ಹಿಂದೆ ಶಾಲೆಗೆ ಒಂದು ಅನುದಾನ ಬಂತು. ಮಕ್ಕಳ ಮಧ್ಯಾಹ್ನದ ಊಟದ ತರಕಾರಿಯನ್ನು ಸುತ್ತಮುತ್ತಲಿನ ಸಣ್ಣ ಬೆಳೆಗಾರರಿಂದಲೇ ಕೊಳ್ಳಬೇಕು ಎಂಬುದು ಅದರ ಷರತ್ತು. ಅಲ್ಲಿಯವರೆಗೆ ಎಲ್ಲೋ ಹೆಚ್ಚಿ, ಹೆಪ್ಪುಗಟ್ಟಿಸಿದ ತರಕಾರಿಯ ಪೊಟ್ಟಣಗಳು ಬರುತ್ತಿದ್ದವು. ಬೆಂದರೆ ಎಲ್ಲಕ್ಕೂ ಒಂದೇ ರುಚಿ. ಈಗ ವ್ಯಾನಕ್ಕ ದಿನಾ ಆರು ತೋಟ ಸುತ್ತಿ ಮುನ್ನೂರಕ್ಕೂ ಹೆಚ್ಚು ತಟ್ಟೆಗಳಿಗಾಗುವಷ್ಟು ತರಕಾರಿ ತರುತ್ತಾರೆ. ಅನುದಾನದ ಅವಧಿ ಈ ಸಲಕ್ಕೆ ಮುಗಿಯುತ್ತದೆ. ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಅಧಿಕಾರಿ ಬರುತ್ತಿದ್ದಾರೆ. ಬೇಡವೆಂದರೆ ಪೊಟ್ಟಣ ಮತ್ತೆ ಬರುತ್ತದೆ, ವ್ಯಾನು ನಿಲ್ಲುತ್ತದೆ, ಶಾಲೆಯನ್ನೇ ನಂಬಿ ಹೆಚ್ಚು ತರಕಾರಿ ಮಡಿ ಮಾಡಿದ ಆರು ಮನೆಯವರು ಇವರ ಮುಖ ನೋಡುತ್ತಾರೆ.

"ನನ್ನ ಕೆಲಸ ಹೋದ್ರೆ ಹೋಗ್ಲಿ, ಇನ್ನೊಂದು ನೋಡ್ಕೋತೀನಿ. ಬೆಳೀರಿ, ಬೆಳೀರಿ ಅಂತ ಅವರ ಬೆನ್ನು ಹತ್ತಿದವಳು ನಾನು. ಅವರಿಗೆ ಏನು ಹೇಳ್ಲಿ?" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ ಗೇರು ಬದಲಿಸುತ್ತಾ.

ಶಾಲೆಯ ಅಡುಗೆಮನೆಯಲ್ಲಿ ಆವಿ ತುಂಬಿದೆ. ಹಿರಿಯ ಅಡುಗೆಯಾಕೆ ಕ್ರೇಟುಗಳನ್ನು ನೋಡಿ ಹುಬ್ಬು ಹಾರಿಸುತ್ತಾರೆ. ದಿನಾ ಬರುವ ಹರಕು ಬುಟ್ಟಿಗಳಿಲ್ಲ. ಬಂದವರ ಮುಂದೆ ಅವನ್ನು ಹೇಗೆ ಇಡುವುದೆಂದು ವ್ಯಾನಕ್ಕ ಮಂಡಿಯ ಹಳೇ ಗೆಳತಿಯಿಂದ ಹೊಸ ಕ್ರೇಟು ಸಾಲ ತಂದಿದ್ದಾರೆ. ಅದರ ಪಕ್ಕದ ಮೇಲೆ ಮಂಡಿಯ ಅಂಗಡಿ ನಂಬರು ದಪ್ಪಗೆ ಬರೆದಿದೆ. ಅವಸರದಲ್ಲಿ ಯಾರೂ ಅದನ್ನು ಗಮನಿಸಿಲ್ಲ.

ಗಮನಿಸಿದ್ದು ಅಧಿಕಾರಿ. ಮಧ್ಯವಯಸ್ಸಿನ ಹೆಂಗಸು, ಮಾತು ಕಮ್ಮಿ. ಒಂದು ಕ್ಯಾರೆಟ್ ಎತ್ತಿಕೊಂಡು ತಿರುಗಿಸಿ ನೋಡಿ, ನಂಬರಿನ ಮೇಲೆ ಬೆರಳಿಟ್ಟು ಕೇಳುತ್ತಾರೆ: "ಇದು ಮಂಡಿ ಮಾಲಲ್ವಾ?"

"ಅಲ್ಲ ಮೇಡಂ, ನಮ್ಮ ತಾತನ ತೋಟದ್ದು" ಎನ್ನುತ್ತಾರೆ ವ್ಯಾನಕ್ಕ.

ಅಷ್ಟರಲ್ಲಿ ಮೂರನೇ ತರಗತಿಯವರ ದಂಡು ನುಗ್ಗುತ್ತದೆ. ಈ ಶಾಲೆಯಲ್ಲೊಂದು ರೂಢಿಯಿದೆ. ದಿನಕ್ಕೊಂದು ತರಗತಿಯವರು ಬಂದು ತರಕಾರಿಯ ರಾಶಿಯಲ್ಲಿ ಅತಿ ವಿಚಿತ್ರವಾದದ್ದನ್ನು ಹುಡುಕಬೇಕು. ಅಡುಗೆಯಾಕೆ ಒಪ್ಪುವಂಥದ್ದು ಸಿಕ್ಕರೆ ಆ ದಿನ ಆ ತರಗತಿಗೇ ಮೊದಲ ಪಂಕ್ತಿ. ಮಕ್ಕಳು ಕ್ರೇಟು ಕೆದಕುತ್ತಾರೆ. ಎಲ್ಲವೂ ನೆಟ್ಟಗೆ, ಎಲ್ಲವೂ ಒಂದೇ ಅಳತೆ. ಎರಡು ಜಡೆಯ ಹುಡುಗಿಯೊಬ್ಬಳು ತಲೆಯೆತ್ತಿ, "ವ್ಯಾನಕ್ಕ, ಇವತ್ತು ನಮ್ಮ ತರಕಾರಿ ಬರಲಿಲ್ವಾ?" ಎನ್ನುತ್ತಾಳೆ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆಯುತ್ತಾರೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತಲ್ಲ ವ್ಯಾನಕ್ಕನ ಪಾಡು. ಮುಚ್ಚಿಡಬೇಕೆಂದು ರಾತ್ರಿಯೆಲ್ಲ ಯೋಚಿಸಿದ್ದನ್ನು ಈಗ ತಾವೇ ಹೊತ್ತು ತಂದು ತೋರಿಸಬೇಕು. ಹೊರಗೆ ಓಡಿ, ಸೀಟಿನ ಕೆಳಗಿನ ಗೋಣಿಚೀಲ ಎಳೆದು ತಂದು ಸಿಮೆಂಟ್ ನೆಲದ ಮೇಲೆ ಸುರಿಯುತ್ತಾರೆ. ಮಣ್ಣು, ಎಲೆ, ಸೊಟ್ಟ ಸೊಟ್ಟ ಕ್ಯಾರೆಟ್ಟು, ನಡುವೆ ಸತ್ತ ಎರೆಹುಳವೊಂದು.

"ಮೇಡಂ, ಮಂಡಿಲಿ ಇಂಥವನ್ನ ಎಸೀತಿದ್ವಿ. ನೀವು ಬರ್ತೀರ ಅಂತ ಹೆದರಿಕೆಗೆ ನನ್ನ ಕೈ ಹಳೇ ಚಾಳಿಗೆ ಹೋಯ್ತು. ಚಂದ ಕಾಣ್ಲಿ ಅಂತ ಅಷ್ಟೇ. ತಪ್ಪು ನಂದು, ತೋಟದವರದ್ದಲ್ಲ."

ಮಕ್ಕಳಿಗೆ ಈ ದೊಡ್ಡವರ ಗೋಳು ಯಾಕೆ ಬೇಕು? ನೆಲದ ಮೇಲೆ ಕೂತು ಆಗಲೇ ಹುಡುಕುತ್ತಿದ್ದಾರೆ. ಎರಡು ಜಡೆಯವಳಿಗೆ ಕಾಲ ಮೇಲೆ ಕಾಲು ಹಾಕಿ ಕೂತಂತಿರುವ ಒಂದು ಸಿಗುತ್ತದೆ. "ಗಡ್ಡದ ತಾತನ ತೋಟದ್ದು. ಅವರ ನೆಲದಲ್ಲಿ ಕಲ್ಲು ಜಾಸ್ತಿ, ಅದಕ್ಕೇ ಹಿಂಗೆ" ಎಂದು ಪಕ್ಕದವಳಿಗೆ ಹೇಳುತ್ತಾಳೆ. ಕಳೆದ ತಿಂಗಳು ತೋಟ ನೋಡಲು ಹೋದಾಗ ಕಾಲಿಗೆ ಕಲ್ಲು ಚುಚ್ಚಿಸಿಕೊಂಡು ಬಂದವಳು ಅವಳು. ಅಧಿಕಾರಿ ಅದನ್ನು ಕೇಳಿಸಿಕೊಂಡರೋ ಇಲ್ಲವೋ ಮುಖ ನೋಡಿದರೆ ಗೊತ್ತಾಗುವುದಿಲ್ಲ. ಮಕ್ಕಳ ಪಂಕ್ತಿಯಲ್ಲೇ ಕೂತು ಉಣ್ಣುತ್ತಾರೆ. "ವರದಿ ಕಳಿಸ್ತೀವಿ, ತಿಂಗಳ ಕೊನೆಗೆ ತಿಳಿಯುತ್ತೆ" ಎಂದು ಹೇಳಿ ಹೊರಡುತ್ತಾರೆ. ತಟ್ಟೆ ಖಾಲಿಯಾಗಿತ್ತು ಎಂದು ಅಡುಗೆಯಾಕೆ ಆಮೇಲೆ ನಾಲ್ಕು ಸಲ ಹೇಳುತ್ತಾರೆ. ವ್ಯಾನಕ್ಕನಿಗೆ ಅದರಿಂದ ಸಮಾಧಾನವಿಲ್ಲ.

ಯಾಕೆಂದರೆ ಮಣ್ಣು ತಿಂಗಳ ಕೊನೆಯವರೆಗೆ ಕಾಯುವುದಿಲ್ಲ. ಶಾಲೆಯ ಮುಂದಿನ ಅವಧಿಗೆ ಕ್ಯಾರೆಟ್ ಬೇಕೆಂದರೆ ಈ ವಾರವೇ ಬೀಜ ಬೀಳಬೇಕು. ಮರುದಿನ ಬೆಳಿಗ್ಗೆ ಗಡ್ಡದ ತಾತ ಬೀಜದ ಡಬ್ಬಿ ಹಿಡಿದು ಬೇಲಿಯ ಬಳಿಯೇ ನಿಂತಿದ್ದಾರೆ. ಇವತ್ತು ಅವರ ಬಾಯಲ್ಲಿ ತಮಾಷೆಯಿಲ್ಲ.

"ಶಾಲೆಗೆ ಬೇಕಾದಷ್ಟು ಹಾಕ್ಲಾ, ಮನೆಗೆ ಸಾಕಾಗೋಷ್ಟೇ ಹಾಕ್ಲಾ? ನೀನು ಹೇಳಿದ ಹಾಗೆ."

ವ್ಯಾನಕ್ಕನಿಗೆ ಅತ್ತ ದರಿ, ಇತ್ತ ಪುಲಿ. ಹಾಕಿ ಎಂದ ಮೇಲೆ ಅನುದಾನ ಬಾರದಿದ್ದರೆ ತಾತ ಮುಳುಗುತ್ತಾರೆ. ಬೇಡ ಎಂದ ಮೇಲೆ ಅನುದಾನ ಬಂದರೆ ಮಕ್ಕಳಿಗೆ ಕೊಡಲು ಏನೂ ಇರುವುದಿಲ್ಲ.

"ಶಾಲೆಗೇ ಹಾಕಿ ತಾತ" ಎನ್ನುತ್ತಾರೆ ಕೊನೆಗೆ. "ಅವರು ಬೇಡ ಅಂದ್ರೆ ನಾನೇ ಬಂದು ಕಿತ್ತು ಬೀದಿ ಬೀದಿ ಕೂಗಿ ಮಾರ್ತೀನಿ."

ತಾತ ತಲೆಯಾಡಿಸಿ ಮಡಿಯತ್ತ ನಡೆಯುತ್ತಾರೆ. ವ್ಯಾನಕ್ಕ ಬುಟ್ಟಿ ತುಂಬತೊಡಗುತ್ತಾರೆ. ಇಂದು ಹರಕು ಬುಟ್ಟಿಯೇ.

"ಅನುದಾನ ಬಂದ್ರೂ ಸರಿ, ಬಿಟ್ರೂ ಸರಿ ಅನ್ನೋ ಧೈರ್ಯ ನನಗಿಲ್ಲ, ಬರಲೇಬೇಕು" ಎನ್ನುತ್ತಾ ಎರಡು ಕಾಲಿನ ಕ್ಯಾರೆಟ್ಟೊಂದನ್ನು ಮಣ್ಣು ಸಮೇತ ಎಲ್ಲಕ್ಕಿಂತ ಮೇಲೆ ಇಡುತ್ತಾರೆ. "ಆಸೆ ಅಂದ್ರೆ ಇಷ್ಟೇ. ಆ ಮೇಡಂ ಇನ್ನೊಂದು ಸಲ ಬರ್ಲಿ, ಹೇಳದೆ ಕೇಳದೆ ಬರ್ಲಿ. ಯಾವತ್ತು ಬಂದ್ರೂ ನಮ್ಮ ತರಕಾರಿನೇ ಇರುತ್ತೆ."